ಶಿಂಗಲ್ಸ್ ಮಾಡಿನ ಕಪ್ಪಿಗೆ ಪ್ರೆಶರ್ ವಾಷರ್ ಮದ್ದಲ್ಲ

ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆ ಮಾಡಿಗೆ ಶಿಂಗಲ್ಸ್ (ಡಾಂಬರು ಹಾಳೆಯ ಹೊದಿಕೆ) ಹಾಕಿಸಿದ ಮನೆ, ಹೋಂಸ್ಟೇಗಳಿಂದ ಮಳೆಗಾಲ ಕಳೆದ ಮೇಲೆ ಬರುವ ಫೋನ್ ಬಹುಮಟ್ಟಿಗೆ ಒಂದೇ ತರಹದ್ದು: ‘ಮಾಡೆಲ್ಲ ಕಪ್ಪಾಗಿದೆ, ವಾಷರ್ ತಂದು ತೊಳೆದುಕೊಡಿ.’ ಕೆಲಸ ಒಪ್ಪಿಕೊಳ್ಳಿ, ವಾಷರನ್ನು ಮಾತ್ರ ಗಾಡಿಯಿಂದ ಇಳಿಸಬೇಡಿ. ಆ ಕಪ್ಪು ಧೂಳೂ ಅಲ್ಲ, ಮಸಿಯೂ ಅಲ್ಲ. ಅದಕ್ಕೆ ಜೀವ ಇದೆ. ಮೊದಲು ಅದನ್ನು ಸಾಯಿಸಬೇಕು, ಆಮೇಲೆ ಬರೀ ನೀರು ಸಾಕು.

ನಮ್ಮ ಕಡೆಯ ಕೆಲಸಗಾರರ ಕೈ ಪಳಗಿರುವುದು ಮಂಗಳೂರು ಹೆಂಚಿನ ಮೇಲೆ. ಹೆಂಚಾದರೆ ಕೆಳಗಿಳಿಸಿ, ತೆಂಗಿನ ನಾರಿನಿಂದ ತಿಕ್ಕಿ, ಒಣಗಿಸಿ ಮತ್ತೆ ಏರಿಸಬಹುದು. ಸುಟ್ಟ ಮಣ್ಣು, ತಡೆದುಕೊಳ್ಳುತ್ತದೆ. ಶಿಂಗಲ್ಸ್ ಹಾಗಲ್ಲ. ಫೈಬರ್‌ಗ್ಲಾಸ್ ಹಾಳೆಗೆ ಡಾಂಬರು ಬಳಿದು, ಅದು ಬಿಸಿ ಇರುವಾಗಲೇ ಬಣ್ಣದ ಕಲ್ಲಿನ ಹರಳು ಒತ್ತಿರುತ್ತಾರೆ. ಬಿಸಿಲಿನಿಂದ ಡಾಂಬರನ್ನು ಕಾಯುವುದೇ ಆ ಹರಳು. ವಾಷರ್ ಹೊಡೆದಲ್ಲಿ ಹರಳು ಉದುರುತ್ತದೆ, ಡಾಂಬರು ಬಿಸಿಲಿಗೆ ತೆರೆದುಕೊಂಡು ಗಟ್ಟಿಯಾಗಿ ಬಿರಿಯುತ್ತದೆ. ವಾಷರ್ ಹೊಡೆದ ಮಾಡು ಅಂದು ಸಂಜೆ ಹೊಸದರ ಹಾಗೆ ಕಾಣುವುದು ನಿಜ. ನಷ್ಟ ಎಷ್ಟೆಂದು ನೋಡಬೇಕಾದರೆ ಮಳೆನೀರಿನ ದೋಣಿಗೆ ಕೈ ಹಾಕಿ. ಒರಟು ಮರಳಿನಂಥದ್ದು ಬೊಗಸೆ ಬೊಗಸೆ ಸಿಗುತ್ತದೆ. ಸೂರಿನ ಕಡೆಯಿಂದ ಮೇಲ್ಮುಖವಾಗಿ ಹೊಡೆದಿದ್ದರಂತೂ ನೀರು ಪದರಗಳ ಅಡಿಗೆ ನುಗ್ಗಿ, ಅಂಟು ಬಿಟ್ಟು, ಕೆಳಗಿನ ಪ್ಲೈವುಡ್ ನೆನೆದಿರುತ್ತದೆ. ಇಳಿಜಾರು ಕಾಂಕ್ರೀಟಿನ ಮೇಲೆ ಹಾಕಿದ ಶಿಂಗಲ್ಸ್ ಆದರೆ ಆ ತೇವ ಒಳಗೇ ಕೂರುತ್ತದೆ.

ಉದ್ದಕ್ಕೆ ಇಳಿದ ಕಪ್ಪು ಗೆರೆಗಳು ಹೆಚ್ಚಾಗಿ ಗ್ಲಿಯೋಕ್ಯಾಪ್ಸಾ ಮ್ಯಾಗ್ಮಾ ಎಂಬ ಸಯನೋಬ್ಯಾಕ್ಟೀರಿಯಾದ್ದು, ಅಂದರೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಸೂಕ್ಷ್ಮಜೀವಿಯದ್ದು. ನಾವು ಹಾವಸೆ ಎನ್ನುವುದು ಇದನ್ನೇ. ಬಿಸಿಲಿನಿಂದ ತನ್ನನ್ನು ಕಾಪಾಡಿಕೊಳ್ಳಲು ಅದು ಮೈಸುತ್ತ ಒಂದು ಕಪ್ಪು ಪೊರೆ ಕಟ್ಟಿಕೊಳ್ಳುತ್ತದೆ, ನಮಗೆ ಕಾಣುವ ಕಲೆ ಆ ಪೊರೆಯೇ. ಅಮೆರಿಕದವರ ಸಲಹೆಗಳಲ್ಲಿ ‘ಉತ್ತರದ ಇಳಿಜಾರು ನೋಡಿ’ ಎಂದಿರುತ್ತದೆ. ಅಲ್ಲಿ ವರ್ಷವಿಡೀ ಸೂರ್ಯ ದಕ್ಷಿಣಕ್ಕೇ ಇರುವುದರಿಂದ ಅದು ಸರಿ. ನಾವಿರುವುದು 13 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡು ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ಹಾಗಾಗಿ ಇಲ್ಲಿ ನೋಡಬೇಕಾದ್ದು ದಿಕ್ಕಿಗಿಂತ ನೆರಳು: ಸಿಲ್ವರ್ ಓಕ್ ಬಗ್ಗಿರುವ ಕಡೆ, ನೈಋತ್ಯದ ಎರಚಲು ಹೊಡೆಯುವ ಕಡೆ, ಎರಡು ಇಳಿಜಾರು ಸೇರುವ ಕಣಿವೆಯಲ್ಲಿ ಎಲೆ ಕೊಳೆಯುವ ಜಾಗ.

ಕಪ್ಪಾಗಿರುವುದೆಲ್ಲ ಹಾವಸೆ ಎಂದುಕೊಳ್ಳಬೇಡಿ. ಹರಳು ಉದುರಿ ಡಾಂಬರು ಬಯಲಾದ ಜಾಗವೂ ನೆಲದಿಂದ ಕಪ್ಪಾಗಿಯೇ ಕಾಣುತ್ತದೆ, ಬೆರಳಿಟ್ಟರೆ ಮಾತ್ರ ನುಣುಪು ತಿಳಿಯುತ್ತದೆ. ಬಚ್ಚಲ ಒಲೆಯ ಚಿಮಣಿ ಪಕ್ಕದ್ದು ಮಸಿ, ತುಕ್ಕು ಹಿಡಿದ ಮೊಳೆಯ ಕೆಳಗಿನದು ಕಬ್ಬಿಣದ ಕಲೆ. ಇವು ಯಾವುದಕ್ಕೂ ಬ್ಲೀಚ್ ನಾಟುವುದಿಲ್ಲ. ಅದಕ್ಕೇ ದರ ಹೇಳುವ ಮೊದಲು ಅಂಗೈ ಅಗಲದ ಜಾಗಕ್ಕೆ ಮುಂದೆ ಹೇಳುವ ಬ್ಲೀಚ್ ದ್ರಾವಣ ಹಚ್ಚಿ 10 ನಿಮಿಷ ಕಾಯಿರಿ. ಹಾವಸೆಯಾಗಿದ್ದರೆ ಕಪ್ಪು ಮೊದಲು ಕಂದಾಗಿ, ಆಮೇಲೆ ತಿಳಿಯಾಗಿ, ಶಿಂಗಲ್ಸಿನ ಅಸಲು ಬಣ್ಣ ಹರಳು ಹರಳಾಗಿ ಮೇಲೇಳುತ್ತದೆ. ಏನೂ ಆಗದಿದ್ದರೆ ಅದು ಬೇರೆ ರೋಗ, ಆ ಕೆಲಸ ಒಪ್ಪಿಕೊಳ್ಳಬೇಡಿ.

ಅಮೆರಿಕದ ಆಸ್ಫಾಲ್ಟ್ ರೂಫಿಂಗ್ ಮ್ಯಾನುಫ್ಯಾಕ್ಚರರ್ಸ್ ಅಸೋಸಿಯೇಷನ್ ಹೇಳುವ ವಿಧಾನ ಸರಳ. ಬಟ್ಟೆಗೆ ಬಳಸುವ ಕ್ಲೋರಿನ್ ಬ್ಲೀಚ್ ಅರ್ಧ, ನೀರು ಅರ್ಧ. 15ರಿಂದ 20 ನಿಮಿಷ ಬಿಡುವುದು, ಒತ್ತಡವಿಲ್ಲದ ನೀರಿನಿಂದ ತೊಳೆಯುವುದು. ಅಲ್ಲಿನ ಬ್ಲೀಚಿನ ಸತ್ವ (ಸೋಡಿಯಂ ಹೈಪೋಕ್ಲೋರೈಟ್) ಸುಮಾರು 6% ಎಂದುಕೊಂಡರೆ ಮಾಡಿನ ಮೇಲೆ ಬೀಳುವುದು 3%. ನಮ್ಮಲ್ಲಿ ಈಜುಕೊಳ, ನೀರಿನ ಟ್ಯಾಂಕ್ ಕೆಲಸದವರು ‘ಹೈಪೋ’ ಎನ್ನುವ ಸೋಡಿಯಂ ಹೈಪೋಕ್ಲೋರೈಟ್ ಸಿಗುತ್ತದೆ. ಲೇಬಲ್ಲಿನಲ್ಲಿ 10% ಇದ್ದರೆ 3 ಲೀಟರ್ ಹೈಪೋಗೆ 7 ಲೀಟರ್ ನೀರು. 100 ಚದರಡಿಗೆ 4ರಿಂದ 5 ಲೀಟರ್ ದ್ರಾವಣ ಹಿಡಿಯಿರಿ. 1,200 ಚದರಡಿಯ ಮಾಡಿಗೆ 50ರಿಂದ 60 ಲೀಟರ್ ಆಯಿತು, ಅಂದರೆ ಹೈಪೋ 15ರಿಂದ 18 ಲೀಟರ್.

ಈ ಲೆಕ್ಕ ಕೈಕೊಡುವುದು ಕ್ಯಾನಿನ ವಯಸ್ಸಿನಿಂದ. ಹೈಪೋ ಬಿಸಿಗೆ, ಬೆಳಕಿಗೆ ಸುಮ್ಮನೆ ಇಟ್ಟಲ್ಲೇ ಸತ್ವ ಕಳೆದುಕೊಳ್ಳುತ್ತದೆ. ಬೇಸಿಗೆಯೆಲ್ಲ ತಗಡಿನ ಶೆಡ್ಡಿನಲ್ಲಿ ಕೂತ ಕ್ಯಾನನ್ನು 10% ಎಂದು ನಂಬಿದರೆ ಮೋಸ ಹೋಗುತ್ತೀರಿ. ತಯಾರಾದ ತಾರೀಖು ನೋಡಿ, ಬೇಕಾದಷ್ಟೇ ತನ್ನಿ, ಅಂದು ಕಲಸಿದ್ದನ್ನು ಅಂದೇ ಮುಗಿಸಿ. ಬ್ಲೀಚಿಂಗ್ ಪೌಡರ್ ಅಗ್ಗ ಎಂದು ಅದನ್ನು ಕಲಸುವವರಿದ್ದಾರೆ. ಅದರ ಸುಣ್ಣ ನಾಜಲ್ ಕಟ್ಟುತ್ತದೆ, ಮಾಡಿನ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ನನ್ನ ಪ್ರಕಾರ ಶಿಂಗಲ್ಸಿಗೆ ಅದು ಬೇಡವೇ ಬೇಡ.

ದ್ರಾವಣ ಜಾರಿ ಹೋಗದೆ ನಿಲ್ಲಲು 10 ಲೀಟರಿಗೆ 50 ಮಿಲಿಯಷ್ಟು ಪಾತ್ರೆ ತೊಳೆಯುವ ದ್ರವ ಸೇರಿಸಬಹುದು. ಅದರಲ್ಲಿ ಆಸಿಡ್ ಆಗಲಿ ಅಮೋನಿಯಾ ಆಗಲಿ ಇರಬಾರದು. ಇದನ್ನು ಒತ್ತಿ ಹೇಳಲು ಕಾರಣವಿದೆ. ಟೈಲ್ಸ್ ಉಜ್ಜುವ ಹುಡುಗರ ಬಕೆಟ್ಟಿನಲ್ಲಿ ಆಸಿಡ್ ಇದ್ದೇ ಇರುತ್ತದೆ. ಅದರ ತಳದಲ್ಲಿ ಉಳಿದದ್ದಕ್ಕೆ ಹೈಪೋ ಸುರಿದರೆ ಏಳುವುದು ಕ್ಲೋರಿನ್ ಅನಿಲ, ನೇರ ಶ್ವಾಸಕೋಶಕ್ಕೆ ಹೊಡೆಯುತ್ತದೆ. ಹೈಪೋ ಬಕೆಟ್ ಬೇರೆ ಬಣ್ಣದ್ದಿರಲಿ, ಅದನ್ನು ಬೇರೆ ಯಾವ ಕೆಲಸಕ್ಕೂ ಮುಟ್ಟಬೇಡಿ.

ತೋಟದಲ್ಲಿ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಔಷಧಿ) ಹೊಡೆಯುವ ಸ್ಪ್ರೇಯರ್ ಎದುರಿಗೇ ಇರುತ್ತದೆ, ಅದನ್ನೇ ಎತ್ತಿಕೊಳ್ಳುವ ಆಸೆ ಎಲ್ಲರಿಗೂ. ಅದರೊಳಗೆ ಉಳಿದ ಮೈಲುತುತ್ತದ ತಾಮ್ರ ಹೈಪೋವನ್ನು ಟ್ಯಾಂಕಿನಲ್ಲೇ ಒಡೆದುಹಾಕುತ್ತದೆ, ಮಾಡಿಗೆ ತಲುಪುವಾಗ ಸತ್ವವಿರುವುದಿಲ್ಲ. ಹಿತ್ತಾಳೆಯ ಗನ್, ನಾಜಲ್ ಬೇಗ ತಿಂದುಹೋಗುತ್ತವೆ. ಪೂರ್ತಿ ಪ್ಲಾಸ್ಟಿಕ್ಕಿನ 16 ಲೀಟರಿನ ಸ್ಪ್ರೇಯರ್ ಒಂದನ್ನು ಇದಕ್ಕೇ ಮೀಸಲಿಡಿ. ಸಂಜೆ ಬರೀ ನೀರು ತುಂಬಿ ಐದು ನಿಮಿಷ ಹೊಡೆದು ಇಡಿ, ಇಲ್ಲದಿದ್ದರೆ ಸ್ಪ್ರೇಯರ್ ಒಳಗಿನ ರಬ್ಬರು ಬೇಗ ಹೋಗುತ್ತದೆ.

ಹೊಡೆಯುವ ಕೆಲಸಕ್ಕಿಂತ ಅದರ ಮುಂಚಿನ ತಯಾರಿಗೇ ಹೆಚ್ಚು ಹೊತ್ತು ಹಿಡಿಯುತ್ತದೆ, ಹಿಡಿಯಲಿ. ಸೂರಿನಡಿ ಇರುವ ಕಾಫಿ, ಮೆಣಸಿನ ಬಳ್ಳಿ, ಹೂಗಿಡಗಳಿಗೆ ಮೊದಲೇ ಎಲೆ, ಬುಡ ಎರಡೂ ತೋಯುವಂತೆ ನೀರು ಬಿಡಿ. ನೀರು ಕುಡಿದ ಮಣ್ಣು, ಒದ್ದೆ ಎಲೆ ಬ್ಲೀಚನ್ನು ಅಷ್ಟಾಗಿ ಹೀರುವುದಿಲ್ಲ. ನಡುವೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಮತ್ತೆ ನೀರು. ಪ್ಲಾಸ್ಟಿಕ್ ಹೊದಿಸಿ ಬಿಸಿಲಲ್ಲಿ ಬಿಟ್ಟರೆ ಗಿಡ ಬೇಯುತ್ತದೆ. ಮಳೆನೀರು ಸಂಗ್ರಹದ ಪೈಪನ್ನು ಕಳಚಿ, ಇಳಿಯುವ ನೀರನ್ನು ಡ್ರಮ್ಮಿಗೆ ಹಿಡಿಯಿರಿ. ಮೀನಿನ ಹೊಂಡ, ತೊರೆಗೆ ಒಂದು ಹನಿಯೂ ಹೋಗಬಾರದು. ಡಿಸೆಂಬರ್, ಜನವರಿ ಈ ಕೆಲಸಕ್ಕೆ ಒಳ್ಳೆಯ ಕಾಲ. ಮಳೆ ನಿಂತಿರುತ್ತದೆ, ಕಾಫಿ ಹೂ ಇನ್ನೂ ಬಂದಿರುವುದಿಲ್ಲ, ಬೆಳಗಿನ ಇಬ್ಬನಿಗೆ ಹಾವಸೆ ಮೆತ್ತಗಿರುತ್ತದೆ. ಇಬ್ಬನಿ ಆರಿ ಕಾಲಿಗೆ ಹಿಡಿತ ಸಿಕ್ಕ ಮೇಲೆ, ಮಾಡು ಬಿಸಿಯಾಗುವ ಮುನ್ನ ಶುರುಮಾಡಿ. ಕಾದ ಮಾಡಿನ ಮೇಲೆ ದ್ರಾವಣ ಐದು ನಿಮಿಷಕ್ಕೇ ಒಣಗುತ್ತದೆ, ಒಣಗಿದ ಬ್ಲೀಚ್ ಕೆಲಸ ಮಾಡುವುದಿಲ್ಲ.

ಬ್ಲೀಚ್ ಬಿದ್ದ ಹಾವಸೆ ಸೋಪಿಗಿಂತ ಹೆಚ್ಚು ಜಾರುತ್ತದೆ. ಸೊಂಟಕ್ಕೆ ಬೆಲ್ಟ್ ಮಾತ್ರ ಸಾಲದು, ಫುಲ್ ಬಾಡಿ ಹಾರ್ನೆಸ್, ಗಟ್ಟಿ ಆಧಾರಕ್ಕೆ ಕಟ್ಟಿದ ಹಗ್ಗ ಬೇಕು. ಕಣ್ಣಿಗೆ ಗಾಗಲ್ಸ್, ಕೈಗೆ ರಬ್ಬರ್ ಗ್ಲೌಸ್. ಕಣ್ಣಿಗೆ ಹಾರಿದರೆ 15 ನಿಮಿಷ ಬಿಡದೆ ನೀರು ಹಾಕಿ ಆಸ್ಪತ್ರೆಗೆ ಕರೆದೊಯ್ಯಿರಿ. ನಿಂತ ಜಾಗ ಯಾವಾಗಲೂ ಒಣಗಿರಬೇಕು. ಸೂರಿನ ಸಾಲಿಗೆ ಮೊದಲು ಹೊಡೆದು, ಹಿಂದೆ ಹಿಂದೆ ಸರಿಯುತ್ತ ನೆತ್ತಿಗೆ ಬಂದು, ಆಚೆಯ ಒಣ ಇಳಿಜಾರಿನ ಏಣಿಯಲ್ಲಿ ಇಳಿಯುವುದು. ಆ ಇನ್ನೊಂದು ಇಳಿಜಾರು ಬೇರೆ ದಿನಕ್ಕಿರಲಿ. ಮಾಡು ತೀರಾ ಕಡಿದಾಗಿದ್ದರೆ ಮೇಲೆ ಹತ್ತಲೇಬೇಡಿ, ಏಣಿಯ ಮೇಲಿಂದ ಉದ್ದ ಕೋಲಿನ ನಾಜಲ್ಲಿನಲ್ಲಿ ಹೊಡೆಯಿರಿ. ತೊಳೆಯುವಾಗ ಮಾತ್ರ ನೆತ್ತಿಯಿಂದ ಕೆಳಕ್ಕೆ, ತೋಟದ ಪೈಪಿನ ನೀರು ಸಾಕು. ದೋಣಿ, ತಗಡು, ಸೋಲಾರ್ ಫ್ರೇಮುಗಳನ್ನು ಎರಡು ಸಲ ತೊಳೆಯಿರಿ, ಉಳಿದ ಕ್ಲೋರಿನ್ ಲೋಹವನ್ನು ತಿನ್ನುತ್ತದೆ.

ಹಸಿರು ಮೆತ್ತೆಯಾಗಿ ಕೂತ ಪಾಚಿ, ರೊಟ್ಟಿಯಂತೆ ಅಂಟಿದ ಬೂದು ಕಲ್ಲುಹೂವು ಅಂದೇ ಹೋಗುವುದಿಲ್ಲ. ಕಲ್ಲುಹೂವಿನ ಎಳೆ ಹರಳಿನ ಸಂದಿಗೆ ಇಳಿದಿರುತ್ತದೆ, ಕೆರೆದರೆ ಹರಳಿನ ಸಮೇತ ಕಿತ್ತುಬರುತ್ತದೆ. ಸತ್ತು ಬಿಳಿಚಿಕೊಂಡದ್ದನ್ನು ಹಾಗೇ ಬಿಡಿ, ಗಾಳಿ ಮಳೆಗೆ ತಾನಾಗಿ ಉದುರುತ್ತದೆ. ಎರಡು ಮೂರು ತಿಂಗಳ ನಂತರವೂ ಉಳಿದಿದ್ದರೆ ಆ ಜಾಗಕ್ಕಷ್ಟೇ ಇನ್ನೊಂದು ಸಲ. ಇದನ್ನು ಮನೆಯವರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ನೀವು ಹೋದ ಮರುದಿನ ಯಾರೋ ಕತ್ತಿ ಹಿಡಿದು ಮಾಡು ಹತ್ತುತ್ತಾರೆ.

ಮತ್ತೆ ಬಾರದಿರಲು ಕೊಂಬೆ ಸವರಿಸಿ ಬಿಸಿಲು ಬಿಡಿಸುವುದು ಮೊದಲ ಕೆಲಸ. ಆಮೇಲೆ ನೆತ್ತಿಯ ಶಿಂಗಲ್ಸ್ ಅಡಿಗೆ ಎರಡು ಇಂಚು ಹೊರಗೆ ಕಾಣುವಂತೆ ಸತುವಿನ ಅಥವಾ ತಾಮ್ರದ ಪಟ್ಟಿ. ಪ್ರತಿ ಮಳೆಗೂ ಚೂರು ಚೂರು ಕರಗಿ ಇಳಿದು ಹಾವಸೆ ಹತ್ತದಂತೆ ತಡೆಯುತ್ತದೆ. ಚಿಮಣಿಯ ಲೋಹದ ತಗಡಿನ ಕೆಳಗೆ ಮಾತ್ರ ಮಾಡು ತಿಳಿಯಾಗಿರುವುದನ್ನು ನೋಡಿದ್ದರೆ, ಅದಕ್ಕೂ ಇದೇ ಕಾರಣ. ಪಟ್ಟಿಯಿಂದ ಕೆಳಕ್ಕೆ ಹೋದಂತೆ ಪರಿಣಾಮ ತೆಳುವಾಗುತ್ತದೆ, ಉದ್ದ ಇಳಿಜಾರಿಗೆ ನಡುವೆ ಇನ್ನೊಂದು ಸಾಲು ಬೇಕಾಗುತ್ತದೆ. ದೋಣಿ ಅಲ್ಯೂಮಿನಿಯಮ್ಮಿನದೋ ಜಿಐ (ಸತು ಲೇಪಿಸಿದ ಕಬ್ಬಿಣ) ತಗಡಿನದೋ ಆಗಿದ್ದರೆ ತಾಮ್ರ ಬೇಡ. ತಾಮ್ರ ಕರಗಿದ ನೀರು ಹರಿದಲ್ಲೆಲ್ಲ ಆ ದೋಣಿ ತೂತು ಬೀಳುತ್ತದೆ. ಅಂಥ ಕಡೆ ಸತುವನ್ನೇ ಹಾಕಿ.