ನನ್ನ ಬೀರುವಿನ ಬಣ್ಣಗಳು

ರೀಲ್ಸ್ ತೆರೆದರೆ ಸಾಕು, ಎಲ್ಲರೂ ತಿಳಿ ಬಣ್ಣದಲ್ಲೇ ಕಾಣುತ್ತಾರೆ. ಚೆನ್ನಾಗೇ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ನನಗೆ ದಾಳಿಂಬೆ ಕೆಂಪು, ನವಿಲು ಹಸಿರು ಬೇಕು. ಅದಕ್ಕೇ ನಾನು ಇಳಕಲ್ ಸೀರೆ ಬಿಡುವುದಿಲ್ಲ.

ಅದರ ಸೆರಗನ್ನು ಹತ್ತಿರದಿಂದ ನೋಡಿದ್ದೀರಾ? ಒಡಲಿನ ಹಾಸು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹಾಕುವ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕುಣಿಕೆ ಹಾಕಿ ಜೋಡಿಸುತ್ತಾರೆ. ಹಾಗಾಗಿ ಒಡಲು ಹತ್ತಿಯದಿದ್ದರೂ ಸೆರಗು ರೇಷ್ಮೆಯದಿರಬಹುದು. ಕೆಂಪು ಸೆರಗು, ಅದರ ಮೇಲೆ ತೋಪು ತೆನೆ ಅನ್ನುವ ಬಿಳಿಯ ವಿನ್ಯಾಸ. ಅಂಚಿನಲ್ಲೇ ಗೋಮಿ, ಪರಾಸಪೇಟಿ, ಗಾಡಿ ಅಂತ ಬಗೆಗಳಿವೆ. ನನಗೆ ಗೋಮಿ ಇಷ್ಟ.

ಹಳೆಯದು ಅಂತ ಹಳೆಯ ಥರವೇ ಉಡಬೇಕಿಲ್ಲ ಅಲ್ವಾ? ರವಿಕೆಗೆಂದೇ ನೇಯುವ ಗುಳೇದಗುಡ್ಡದ ಖಣದಲ್ಲಿ ಕಾಲರ್ ಇಟ್ಟು ರವಿಕೆ ಹೊಲಿಸಿದ್ದೇನೆ. ಅದೇ ಬಟ್ಟೆಯ ಒಂದು ಕುರ್ತಾ ಕೂಡ ಇದೆ, ಜೀನ್ಸ್ ಮೇಲೆ ಹಾಕಿಕೊಂಡು ಆಫೀಸಿಗೆ ಹೋಗುತ್ತೇನೆ. ಜೇಬು ಬೇಕೆಂದಾಗ ಟೈಲರ್ ಗೊಣಗಿದರು. ಫೋನ್ ಎಲ್ಲಿಡೋದು ಮತ್ತೆ?

"ಕೈಮಗ್ಗದ್ದು ದುಬಾರಿ ಕಣೇ" ಅಂತ ಗೆಳತಿಯರು ಹೇಳುತ್ತಾರೆ. ಪವರ್‌ಲೂಮ್ ಸೀರೆಗಿಂತ ಬೆಲೆ ಜಾಸ್ತಿ, ನಿಜ. ಆಫರ್ ಇದೆ ಅಂತ ಸುಮ್ನೆ ಕೊಳ್ಳುವುದನ್ನು ಬಿಟ್ಟರೆ ಆ ದುಡ್ಡು ಹೊಂದುತ್ತದೆ. ಅಂಗಡಿಯವರ ಮಾತು ನಂಬಬೇಕಾಗಿಯೂ ಇಲ್ಲ. ಬಟ್ಟೆ ಕೈಮಗ್ಗದ್ದೇ ಅಂತ ಖಾತ್ರಿ ಕೊಡುವ ಸರ್ಕಾರಿ ಲೇಬಲ್, ಹ್ಯಾಂಡ್‌ಲೂಮ್ ಮಾರ್ಕ್, 2006ರಿಂದ ಇದೆ. ಆ ಲೇಬಲ್ ಇದೆಯಾ ಅಂತ ಕೇಳಿ, ಆಮೇಲೆ ಚೌಕಾಸಿ ಶುರು ಮಾಡುತ್ತೇನೆ.