ನನ್ನ ಗಾಡಿ ಬರುತ್ತಾ ಸರ್?

ತಿಂಗಳಿಗೊಂದು ಭಾನುವಾರ ಎಂಟು-ಹತ್ತು ಜೀಪುಗಳನ್ನು ಕಟ್ಟಿಕೊಂಡು ಮೈಸೂರಿನಿಂದ ಮಣ್ಣಿನ ದಾರಿ ಹುಡುಕಿಕೊಂಡು ಹೋಗುವ ಚಟ ನನ್ನದು. ಜೊತೆಗೆ ಬರ್ತೀವಿ ಅಂತ ಫೋನ್ ಮಾಡುವವರೆಲ್ಲ ಕೇಳುವುದು ಒಂದೇ ಪ್ರಶ್ನೆ. ‘ಸರ್, ನನ್ನ ಗಾಡಿ ಬರುತ್ತಾ?’

ಬರುತ್ತೆ ಸ್ವಾಮಿ. ಫೋರ್ ಬೈ ಫೋರ್ ಇದ್ದರೆ, ಅಂದರೆ ಎಂಜಿನ್ ಬಲ ನಾಲ್ಕೂ ಚಕ್ರಕ್ಕೆ ಹೋಗೋ ಹಾಗಿದ್ದರೆ, ಬರುತ್ತೆ. ನಾವು ಬೆವರು ಸುರಿಸಿಕೊಂಡು ಹತ್ತುವ ದಿಣ್ಣೆಗಳಲ್ಲಿ ಅರ್ಧದಷ್ಟಕ್ಕೆ ಊರಿನ ಹುಡುಗರು ಸ್ಪ್ಲೆಂಡರ್‌ನಲ್ಲಿ ಮೂರು ಜನ ಕೂತು ಮೊದಲೇ ಬಂದಿರುತ್ತಾರೆ, ನಮ್ಮನ್ನು ನೋಡಿ ನಗೋಕೆ.

ಪ್ರಶ್ನೆಗಿಂತ ಅದರ ಹಿಂದೆ ಬರುವ ಪಟ್ಟಿ ನನಗೆ ತಲೆನೋವು. ಟೈರ್ ಬದಲಾಯಿಸಿದೀನಿ, ನೀರಲ್ಲೂ ಎಂಜಿನ್ ಉಸಿರಾಡೋಕೆ ಸ್ನಾರ್ಕೆಲ್ ಕೊಳವೆ ಹಾಕ್ಸಿದೀನಿ, ಮುಂದೆ ಕಬ್ಬಿಣದ ಬಂಪರ್ ಇದೆ. ಗಂಡಿನ ಕಡೆಯವರು ಆಸ್ತಿ ಲೆಕ್ಕ ಹೇಳಿದ ಹಾಗೆ. ‘ಫೋರ್ ಲೋ ಯಾವತ್ತಾದರೂ ಹಾಕಿದ್ದೀರಾ?’ ಅಂತ, ಅಂದರೆ ನಾಲ್ಕೂ ಚಕ್ರ ನಿಧಾನಕ್ಕೆ, ಜಾಸ್ತಿ ಬಲದಿಂದ ತಿರುಗಿಸುವ ಗೇರ್ ಬಗ್ಗೆ, ಕೇಳಿದರೆ ಮಾತು ನಿಲ್ಲುತ್ತೆ. ಒಬ್ಬರು ಹೇಳಿದರು, ‘ಶೋರೂಮಲ್ಲಿ ಒಂದ್ಸಲ ಹಾಕಿ ತೋರಿಸಿದ್ರು.’

ಸರಿ, ಒಂದು ಜಿಮ್ನಿಯ (ಮಾರುತಿಯವರ ಪುಟ್ಟ ಜೀಪು) ಕಥೆ ಹೇಳಿಬಿಡ್ತೀನಿ. ನನ್ನ ಮರ್ಯಾದೆ ಹೋದ ಕಥೆ ಅದು.

ಶ್ರಾವಣದ ಒಂದು ಭಾನುವಾರ. ಒಂಬತ್ತು ಗಾಡಿ. ಶ್ರೀರಂಗಪಟ್ಟಣದಲ್ಲಿ ಟೀ ಕುಡಿದು ಪಾಂಡವಪುರದ ಕಡೆ ಹೊರಟೆವು. ಕುಂತಿಬೆಟ್ಟ ದೂರದಲ್ಲಿ ಕಾಣುವ ಒಂದು ಊರು, ಪರಿಚಯದವರ ತೆಂಗಿನ ತೋಟ, ಅದರಾಚೆ ಕೆಂಪು ಮಣ್ಣಿನ ದಿಣ್ಣೆ. ಮುಂದೆ ನನ್ನ ಹಳೇ ಜಿಪ್ಸಿ. ನನ್ನ ಹಿಂದೆ ಥಾರ್‌ಗಳು, ಆಮೇಲೆ ಒಂದು ಉದ್ದನೆಯ ಪಿಕಪ್. ಎಲ್ಲಕ್ಕಿಂತ ಕೊನೆಗೆ ಹೊಸ ಜಿಮ್ನಿ. ಓಡಿಸುತ್ತಿದ್ದವರು ಒಬ್ಬ ಲೆಕ್ಚರರ್ ಮೇಡಂ. ಟಾರ್ ರಸ್ತೆ ಬಿಟ್ಟು ಇಳಿದದ್ದೇ ಅವತ್ತು ಮೊದಲ ಸಲ. ‘ಹೊಸಬರು, ನಿಧಾನಕ್ಕೆ ಹಿಂದೆ ಬರಲಿ’ ಅಂತ ನಾನೇ ಕೊನೆಗೆ ಹಾಕಿದ್ದೆ. ದೊಡ್ಡ ಉಪಕಾರ ಮಾಡಿದೆ ಅಂತ ಅಂದುಕೊಂಡಿದ್ದೆ.

ಪಂಪ್‌ಸೆಟ್ ಮನೆ ಹತ್ತಿರ ದಾರಿ ಎರಡಾಗುತ್ತೆ. ನಾವು ಎಂಟು ಜನ ಬಲಕ್ಕೆ ತಿರುಗಿ ಹೋದೆವು. ಯಾರೂ ನಿಲ್ಲಲಿಲ್ಲ. ನಿಲ್ಲಿ ಅಂತ ನಾನೂ ಹೇಳಿರಲಿಲ್ಲ. ಮೇಡಂ ಎಡಕ್ಕೆ ಹೋದರು. ಎಡಗಡೆ ದಾರಿ ಸ್ವಲ್ಪ ದೂರ ಚೆನ್ನಾಗೇ ಹೋಗಿ ನಾಟಿಗೆ ನೀರು ಕಟ್ಟಿದ ಗದ್ದೆಯಲ್ಲಿ ಮುಗಿಯುತ್ತೆ. ಫೋನಿಗೆ ಸಿಗ್ನಲ್ ಇಲ್ಲ. ನಾನು ದಿಣ್ಣೆ ಮೇಲೆ ನಿಂತು ಮದ್ದೂರು ವಡೆ ಹಂಚುತ್ತಾ ಗಾಡಿ ಎಣಿಸಿದೆ. ಎಂಟು. ನನ್ನದು ಬಿಟ್ಟಿದ್ದೀನೇನೋ ಅಂತ ಮತ್ತೆ ಎಣಿಸಿದೆ. ಎಂಟೇ.

ವಾಪಸ್ ಬಂದು ನೋಡಿದರೆ ಜಿಮ್ನಿ ಬಾಗಿಲವರೆಗೆ ಕೆಸರಲ್ಲಿ ಕೂತಿದೆ. ಬದು ಒಡೆದು ನೀರು ಪಕ್ಕದ ಗದ್ದೆಗೆ ಹರೀತಿದೆ. ಗದ್ದೆಯವರು ತಲೆಗೆ ಟವಲ್ ಸುತ್ತಿಕೊಂಡು ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಾರೆ. ‘ಏನ್ ಸಾ, ನಾಕ್ ಚಕ್ರಾನೂ ತಿರುಗ್ತವೆ ಅಂತೀರಿ, ನಾಕೂ ಮುಳ್ಗವಲ್ಲ!’

ಪಿಕಪ್‌ನವರಿಗೆ ಎಲ್ಲಿಲ್ಲದ ಉತ್ಸಾಹ. ಹಗ್ಗ ತಂದು ತಮ್ಮ ಗಾಡಿ ಹಿಂದಿದ್ದ ಟೋ ಬಾಲ್‌ಗೆ ಸಿಕ್ಕಿಸಿಯೇ ಬಿಟ್ಟರು. ನಾನು ಕಿರುಚಿದೆ. ಆ ಗುಂಡು ಟ್ರೇಲರ್ ಎಳೆಯೋಕೆ ಇರೋದು. ಕೆಸರಲ್ಲಿ ಹೂತ ಗಾಡಿಯನ್ನು ಜಗ್ಗಿದರೆ ಕಿತ್ತುಕೊಂಡು ಬಂದೂಕಿನ ಗುಂಡಿನ ಹಾಗೆ ಹಾರುತ್ತೆ, ಎದುರಿಗೆ ಸಿಕ್ಕವರ ಜೀವ ಹೋಗುತ್ತೆ. ಚಾಸಿಗೆ ಕೂರಿಸಿದ ಕೊಕ್ಕೆಗೇ ಹಾಕಬೇಕು. ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸಬೇಕು, ತುಂಡಾದರೂ ಹಾರದೆ ನೆಲಕ್ಕೆ ಬೀಳಲಿ ಅಂತ. ನೋಡುವವರು ಹಗ್ಗದ ಉದ್ದಕ್ಕಿಂತ ಜಾಸ್ತಿ ದೂರ ನಿಲ್ಲಬೇಕು. ಇಷ್ಟೆಲ್ಲ ಭಾಷಣ ಬಿಗಿದು ಎಳೆದರೂ ಗಾಡಿ ಅಲ್ಲಾಡಲಿಲ್ಲ. ಕೊನೆಗೆ ಎಳೆದದ್ದು ಗದ್ದೆಯವರ ಟ್ರ್ಯಾಕ್ಟರ್. ದುಡ್ಡು ಬೇಡ ಅಂದರು. ಗುದ್ದಲಿ ತಂದು ಕೈಗೆ ಕೊಟ್ಟರು. ಒಂಬತ್ತು ಜನವೂ ಸೇರಿ ಬದು ಕಟ್ಟಿದೆವು.

ಮೇಡಂ ಕೈ ತೊಳೆದುಕೊಳ್ಳುತ್ತಾ ಹೇಳಿದರು. ‘ಸರ್, ನನ್ನ ಗಾಡಿ ಬರುತ್ತೆ ಅಂದ್ರಿ. ಬಂತಲ್ಲ. ನೀವೆಲ್ಲಿ ಹೋಗಿದ್ರಿ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಆವತ್ತಿನಿಂದ ಯಾರಾದರೂ ‘ನನ್ನ ಹಿಂದೆ ಯಾರಿರ್ತಾರೆ?’ ಅಂತ ಕೇಳಲಿ ಅಂತ ಕಾಯ್ತಿದ್ದೀನಿ. ಒಬ್ಬರೂ ಕೇಳಿಲ್ಲ. ಆದರೂ ಹೇಳ್ತೀನಿ.

ಹೊಸಬರ ಜಾಗ ನನ್ನ ಬೆನ್ನಿಗೇ, ಎರಡನೆಯದು. ನನ್ನ ಚಕ್ರ ಎಲ್ಲಿ ಹೋಯಿತು ಅಂತ ಅವರಿಗೆ ಕಾಣಬೇಕು. ಕೊನೆಯ ಗಾಡಿ ಪಳಗಿದವರದ್ದು. ಹಗ್ಗ, ಗುದ್ದಲಿ, ಗಾಳಿ ತುಂಬುವ ಪಂಪು, ತಾಳ್ಮೆ ನಾಲ್ಕೂ ಅಲ್ಲೇ ಇರಬೇಕು. ದಾರಿ ಒಡೆಯುವ ಕಡೆ ಹಿಂದಿನ ಗಾಡಿ ಕಾಣುವವರೆಗೆ ಯಾರೂ ಕದಲುವ ಹಾಗಿಲ್ಲ. ಮಣ್ಣಿಗೆ ಇಳಿಯೋ ಮೊದಲು ಎಲ್ಲರೂ ಟೈರ್ ಗಾಳಿ 32ರಿಂದ 20ರ ಹತ್ತಿರಕ್ಕೆ ಇಳಿಸಬೇಕು. ಫೋರ್ ಲೋ ಹಾಕೋದು ಕೆಸರಿಗೆ ಇಳಿಯುವ ಮುಂಚೆ, ಹೂತ ಮೇಲೆ ಅಲ್ಲ.

ದಾರಿ ನೋಡೋಕೆ ನಾನು ಹಿಂದಿನ ವಾರವೇ ಬೈಕಲ್ಲಿ ಹೋಗಿ ಬರ್ತೀನಿ. ಕಷ್ಟದ ಜಾಗ ಇದ್ದರೆ ಪಕ್ಕದಲ್ಲಿ ಸುಲಭದ ದಾರಿಯೂ ಇರಬೇಕು, ಇಲ್ಲದಿದ್ದರೆ ಆ ಜಾಗವೇ ಬೇಡ. ಮೂರು ಬಾಗಿಲ ಥಾರ್‌ನ ಎರಡು ಅಚ್ಚುಗಳ ನಡುವೆ 2,450 ಮಿಲಿಮೀಟರ್. ವಿ-ಕ್ರಾಸ್ ಪಿಕಪ್‌ಗೆ 3,095. ಥಾರ್ ದಾಟಿದ ಚೂಪು ದಿಬ್ಬದ ಮೇಲೆ ಪಿಕಪ್ ಹೊಟ್ಟೆ ಊರಿ ಕೂತುಬಿಡುತ್ತೆ. ಅದರಲ್ಲಿ ಡ್ರೈವರ್ ತಪ್ಪೇನೂ ಇಲ್ಲ. ಸುತ್ತು ದಾರಿಯಲ್ಲಿ ಬಂದವರನ್ನು ಕಿಚಾಯಿಸುವವರಿಗೆ ಮುಂದಿನ ಸಲ ಫೋನ್ ಹೋಗಲ್ಲ.

ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿ ಮೇಲೆ ಹೋಗೋಣ ಅನ್ನುವವರಿಗೂ ಅಷ್ಟೇ. ಕಾರು ನಾಲೆಗೆ ಬಿದ್ದ ಸುದ್ದಿ ಎಷ್ಟು ಸಲ ಓದಿಲ್ಲ? ಚಾಮುಂಡಿ ಬೆಟ್ಟದ ಕಾಡು, ಬಂಡೀಪುರ ಅಂತ ಬಾಯಿ ಬಿಡಲೇಬೇಡಿ. ಕೆಆರ್‌ಎಸ್ ಹಿನ್ನೀರು ಇಳಿದಾಗ ಬಯಲು ಕಂಡು ಬಾಯಲ್ಲಿ ನೀರೂರುತ್ತೆ, ಗೊತ್ತು. ಮೇಲೆ ಒಣಗಿ ಬಿರುಕು ಬಿಟ್ಟ ಗೋಡು, ಒಂದು ಅಡಿ ಕೆಳಗೆ ಅಂಬಲಿ.

ಆ ಊರಿಗೆ ಈಗಲೂ ಹೋಗ್ತೀವಿ. ಪಂಪ್‌ಸೆಟ್ ಮನೆ ಹತ್ತಿರ ನಿಂತು ಎಲ್ಲರೂ ಬರಲಿ ಅಂತ ಕಾಯ್ತಿದ್ದರೆ ಗದ್ದೆಯವರು ಬದು ಮೇಲಿಂದಲೇ ಕೂಗ್ತಾರೆ.

‘ಸಾ, ಎಣ್ಸ್ಕಂಡ್ರಾ?’