ಅಮ್ಮನಿಗೆ ನೆನಪಿರುವಾಗಲೇ

ನನಗೆ ಆಟಿಸಂ ಇರಬಹುದು ಎಂಬ ಅನುಮಾನ ಹಳೆಯದು. ನಲವತ್ತು ದಾಟಿದ ಮೇಲೆ ಅದನ್ನು ವೈದ್ಯರಿಂದ ಖಚಿತ ಮಾಡಿಸಿಕೊಳ್ಳಬೇಕಾ ಎಂಬುದನ್ನು ಮಾತ್ರ ಮುಂದೂಡುತ್ತಲೇ ಇದ್ದೆ. ಆಟಿಸಂ ಲಕ್ಷಣಗಳು ಎಷ್ಟಿವೆ ಅಂತ ನಾವೇ ಉತ್ತರಿಸಿ ನೋಡಿಕೊಳ್ಳುವ 50 ಪ್ರಶ್ನೆಗಳ ಎಕ್ಯೂ (AQ) ಪ್ರಶ್ನಾವಳಿಯಲ್ಲಿ ಅಂಕ ಜಾಸ್ತಿಯೇ ಬಂದಿತ್ತು. ಆದರೆ ಆತಂಕ ಹೆಚ್ಚಿರುವವರಿಗೂ ಅದರಲ್ಲಿ ಅಂಕ ಏರಬಹುದು. ಅದನ್ನೊಂದೇ ನಂಬಿ ಕೂರುವ ಹಾಗಿಲ್ಲ.

ಬೇಡ ಅನ್ನೋಕೆ ಕಾರಣಗಳಿದ್ದವು. ದೊಡ್ಡವರನ್ನು ಪರೀಕ್ಷಿಸುವ ತಜ್ಞರು ಕಡಿಮೆ. ಆಟಿಸಂ ಪತ್ತೆಗೆ ರಕ್ತ ಪರೀಕ್ಷೆಯಿಲ್ಲ, ಸ್ಕ್ಯಾನ್ ಇಲ್ಲ. ಗೊತ್ತಾದರೂ ಅದನ್ನು ಹೋಗಲಾಡಿಸುವ ಮಾತ್ರೆಯೂ ಇಲ್ಲ. "ಇಷ್ಟು ವರ್ಷ ಚೆನ್ನಾಗೇ ಇದ್ದೀಯಲ್ಲ, ಈಗ್ಯಾಕೆ?" ಅಂತ ಅಕ್ಕ ಕೇಳಿದಳು. ಚೆನ್ನಾಗಿ ಕಾಣೋಕೆ ನಾನು ಎಷ್ಟು ದಣಿಯುತ್ತೇನೆ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು?

ಸುಮ್ನೆ ವಿಚಾರಿಸೋಣ ಅಂತ ತಜ್ಞರೊಬ್ಬರಿಗೆ ಫೋನ್ ಮಾಡಿದೆ. "ನಿಮ್ಮ ಬಾಲ್ಯ ಕಂಡವರು ಯಾರಾದರೂ ಮಾತಾಡ್ತಾರಾ?" ಅಂತ ಕೇಳಿದರು. ಆಟಿಸಂ ದೊಡ್ಡವರಾದ ಮೇಲೆ ಶುರುವಾಗುವಂಥದ್ದಲ್ಲ, ಹಾಗಾಗಿ ಚಿಕ್ಕಂದಿನ ಸುಳಿವು ಹುಡುಕುತ್ತಾರೆ.

ಅಂದು ಸಂಜೆಯೇ ಅಮ್ಮನನ್ನು ಕೇಳಿದೆ.

"ಹೊಸ ಫ್ರಾಕಿನ ಕತ್ತಿನ ಪಟ್ಟಿ ಕಿತ್ತು ಕೊಡೋವರೆಗೂ ನೀನು ಹಾಕ್ಕೊಳ್ತಿರಲಿಲ್ಲ ಕಣೇ" ಅಂದಳು. "ಗುಂಡಿ ಡಬ್ಬಿ ಸುರ್ಕೊಂಡು ಕೂರ್ತಿದ್ದೆ. ಎರಡು ತೂತಿನವು ಒಂದು ಸಾಲು, ನಾಲ್ಕು ತೂತಿನವು ಇನ್ನೊಂದು ಸಾಲು. ಯಾರಾದ್ರೂ ಒಂದನ್ನ ಸರಿಸಿದ್ರೆ ಮತ್ತೆ ಮೊದಲಿಂದ."

ಬಟ್ಟೆ, ಶಬ್ದ, ಬೆಳಕು ಹೀಗೆ ಅತಿಯಾಗಿ ಕಾಡುವುದೂ ಆಟಿಸಂನ ಲಕ್ಷಣವೆಂದು, ವೈದ್ಯರು ಇಂಥದ್ದನ್ನು ಗುರುತಿಸಲು ಬಳಸುವ ಕೈಪಿಡಿಯಾದ ಡಿಎಸ್ಎಂ-5ರ ಪಟ್ಟಿಗೆ ಸೇರಿದ್ದು 2013ರಲ್ಲಿ. ನನ್ನ ಬಾಲ್ಯದಲ್ಲಿ ಇದನ್ನೆಲ್ಲ ಯಾರು ನೋಡುತ್ತಿದ್ದರು? ಮಾತು ಬರುತ್ತಿತ್ತು, ಮಾರ್ಕ್ಸ್ ಬರುತ್ತಿತ್ತು. ನಾಚಿಕೆ ಹುಡುಗಿ ಅಂದುಬಿಟ್ಟರು.

ಆಮೇಲೆ ಅಮ್ಮ ಮೆಲ್ಲಗೆ ಕೇಳಿದಳು: "ನಾನೇನಾದ್ರೂ ತಪ್ಪು ಮಾಡಿದ್ನಾ?" ಒಂದು ಕಾಲದಲ್ಲಿ ವೈದ್ಯರೇ ತಾಯಂದಿರನ್ನು ದೂರುತ್ತಿದ್ದರು, ಪ್ರೀತಿ ಸಾಲದೆ ಹೀಗಾಗಿದೆ ಅನ್ನುತ್ತಿದ್ದರು. ಅದು ಶುದ್ಧ ಸುಳ್ಳು. ಹಾಗಂತ ಅಮ್ಮನಿಗೆ ಎರಡೆರಡು ಸಲ ಹೇಳಿದೆ. ಪಟ್ಟಿ ಕಿತ್ತು ಕೊಟ್ಟವಳನ್ನು ಯಾರು ದೂರಬೇಕು?

ಮಾತು ಮುಂದುವರಿದಂತೆ ಅಕ್ಕನ ಒಂದೆರಡು ಕಥೆ ನನ್ನ ಹೆಸರಿಗೆ ಸೇರಿಕೊಂಡವು. ನಾನು ಯಾವಾಗ ಮಾತು ಕಲಿತೆ ಎಂಬುದು ಅಮ್ಮನಿಗೆ ನೆನಪಾಗಲಿಲ್ಲ. ನಾನು ಮನಸ್ಸು ಮಾಡಿದ್ದು ಆಗಲೇ. ನನ್ನ ಬಾಲ್ಯಕ್ಕೆ ಇರುವ ಸಾಕ್ಷಿ ಅವಳೊಬ್ಬಳೇ, ಅಲ್ವಾ?

ಮರುದಿನವೇ ತಜ್ಞರ ಹತ್ತಿರ ಅಪಾಯಿಂಟ್‌ಮೆಂಟ್ ತಗೊಂಡೆ. ಅಮ್ಮ ಫೋನಿನಲ್ಲಿ ಮಾತಾಡಿದರೂ ಸಾಕಂತೆ. ಆಟಿಸಂ ಅಲ್ಲ ಅಂತ ಬಂದರೂ ಆಫೀಸಿನಲ್ಲಿ ಸದ್ದಿಲ್ಲದ ಕಡೆ ಜಾಗ ಕೇಳಿಯೇ ಕೇಳುತ್ತೇನೆ. ಹೌದು ಅಂತ ಬಂದರೆ ಕೇಳೋದು ಇನ್ನಷ್ಟು ಸುಲಭ.